ಸಗಣಿಗೆ ಹೆಪ್ಪು

"ಗುರುಗಳೇ, ನಾನು ಇಲ್ಲಿಗೆ ಬಂದದ್ದು ಶಾಸ್ತ್ರ ಕಲಿಯಲು. ನೀವು ಅಡುಗೆಮನೆಯ ಅಜ್ಜಿಯ ಕೈಕೆಳಗೆ ಆರು ತಿಂಗಳು ಇರು ಎನ್ನುತ್ತೀರಿ. ಸಹಿ ಹಾಕಲೂ ಬಾರದ ಆಕೆಯಿಂದ ಇಷ್ಟು ಓದಿದ ನಾನು ಕಲಿಯುವುದೇನಿದೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಕೊಟ್ಟಿಗೆಯಲ್ಲಿ ಇಪ್ಪತ್ತು ಎಮ್ಮೆಗಳಿದ್ದವು. ಅವನ ಮೀಸೆಯೂ ಎಮ್ಮೆಯ ಕೊಂಬಿನಂತೆಯೇ ಇತ್ತು. ಆ ಊರಿನಲ್ಲಿ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ಹೆಚ್ಚು. ಸಗಣಿಯಿಂದ ಗ್ಯಾಸು, ಗ್ಯಾಸಿನಿಂದ ಕರೆಂಟು ಮಾಡಬಹುದೆಂದು ಕೇಳಿ ಅವನು ಹಿತ್ತಲಲ್ಲಿ ದೊಡ್ಡ ಗುಂಡಿ ಕಟ್ಟಿಸಿದ, ಜನರೇಟರ್ ತಂದಿಟ್ಟ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಬೀಗರ ಎದುರು ಎದೆ ತಟ್ಟಿಕೊಂಡ: "ಮೊಮ್ಮಗಳ ನಾಮಕರಣದ ದಿನ ಮನೆಯಿಡೀ ನನ್ನ ಎಮ್ಮೆಗಳ ಕರೆಂಟಿನಲ್ಲೇ ಬೆಳಗಬೇಕು. ಬೆಳಗದಿದ್ದರೆ ಈ ಮೀಸೆ ಬೋಳಿಸುತ್ತೇನೆ."

ಗುಂಡಿ ಕಟ್ಟಿದ ಮೇಸ್ತ್ರಿ ಹೋಗುವಾಗ ಹೇಳಿದ: "ಯಜಮಾನರೇ, ಸಗಣಿ ಕೊಳೆತರೇ ಗ್ಯಾಸು. ಹಾಲಿಗೆ ಹೆಪ್ಪು ಹಾಕುವಂತೆ ಇದಕ್ಕೂ ಹಾಕಬೇಕು. ಗ್ಯಾಸು ಬರುತ್ತಿರುವ ಹಳೇ ಗುಂಡಿಯಿಂದ ಸಗಣಿ ಬಗ್ಗಡ ಎರಡು ಪೀಪಾಯಿ ತಂದು ಸುರಿಯಿರಿ."

ಊರಿನಲ್ಲಿ ಅಂಥ ಗುಂಡಿ ಇದ್ದದ್ದು ಒಂದೇ. ಅದು ಬೀದಿಯ ಕೊನೆಯಲ್ಲಿ ಎರಡು ಹಸು ಕಟ್ಟಿಕೊಂಡಿದ್ದ ಒಬ್ಬ ಹೆಂಗಸಿನದು. ಅದರಿಂದ ಒಂದು ಒಲೆ ಉರಿಯುತ್ತಿತ್ತು, ಅಷ್ಟೇ. ರೈತನಿಗೆ ನಗು ಬಂತು. ಇಪ್ಪತ್ತು ಎಮ್ಮೆಯ ಯಜಮಾನ ಎರಡು ಹಸುವಿನವಳ ಬಾಗಿಲಲ್ಲಿ ಸಗಣಿ ಬೇಡುವುದೇ? ತನ್ನ ಎಮ್ಮೆಗಳ ಹಸಿ ಸಗಣಿಯನ್ನೇ ಕಲಸಿ ಕಂಠಮಟ್ಟ ತುಂಬಿಸಿದ.

ಗ್ಯಾಸು ತುಂಬಿದರೆ ಗುಂಡಿಯ ಮೇಲಿನ ಕಬ್ಬಿಣದ ಮುಚ್ಚಳ ತಾನಾಗಿ ಮೇಲೇಳಬೇಕು. ವಾರ ಕಳೆಯಿತು, ಏಳಲಿಲ್ಲ. ಇನ್ನಷ್ಟು ಸಗಣಿ ಸುರಿಸಿದ. ಮೂರು ವಾರ ಕಳೆಯಿತು, ಮುಚ್ಚಳ ಮಲಗಿದ್ದಲ್ಲೇ ಮಲಗಿತ್ತು. ನಾಮಕರಣಕ್ಕೆ ಉಳಿದದ್ದು ಹದಿನೈದು ದಿನ. ದಿನಕ್ಕೆ ಹತ್ತು ಸಲ ಹೋಗಿ ಗುಂಡಿಗೆ ಕಿವಿಯಿಟ್ಟು ಬರುತ್ತಿದ್ದ ಗಂಡನನ್ನು ನೋಡಿ ಹೆಂಡತಿ ಹೇಳಿದಳು:

"ಮೊನ್ನೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿದಾಗ ಆ ಎರಡು ಹಸುವಿನವಳ ಮನೆಯಿಂದಲೇ ಹೆಪ್ಪು ತಂದೆ. ಆ ಮೊಸರನ್ನು ಎರಡೆರಡು ಸಲ ಬಡಿಸಿಕೊಂಡು ಉಂಡಿರಿ. ನಿಮ್ಮ ಬಾಯಿಗೆ ಒಗ್ಗಿದ್ದು ನಿಮ್ಮ ಸಗಣಿಗೆ ಒಗ್ಗುವುದಿಲ್ಲವೇ? ಇಲ್ಲವಾದರೆ ಹೇಳಿ, ಕ್ಷೌರದವನಿಗೆ ಈಗಲೇ ಹೇಳಿಕಳಿಸುತ್ತೇನೆ."

ರೈತ ಮೀಸೆ ಮುಟ್ಟಿ ನೋಡಿಕೊಂಡ. ಯಾರ ಕಣ್ಣಿಗೂ ಬೀಳಬಾರದೆಂದು ಮುಸ್ಸಂಜೆಯಲ್ಲಿ ತಲೆಗೆ ಟವೆಲು ಹೊದ್ದು ಆಕೆಯ ಬಾಗಿಲಿಗೆ ಹೋದ. ಆಕೆ ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದಳು.

"ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದಾಚೆ ಕೊಡುವುದಿಲ್ಲ ಅಣ್ಣ. ಬೆಳಿಗ್ಗೆ ಬನ್ನಿ."

"ನಾನು ಕೇಳಿದ್ದು ಸಗಣಿ ಕಣಮ್ಮ, ಮೊಸರಲ್ಲ!"

"ಹೆಪ್ಪು ಹೆಪ್ಪೇ. ಹೊತ್ತು ಏರಿದ ಮೇಲೆ ಬನ್ನಿ, ಗಾಡಿ ಕಟ್ಟಿಕೊಂಡೇ ಬನ್ನಿ. ಟವೆಲಿನಲ್ಲಿ ಕಟ್ಟಿಕೊಟ್ಟರೆ ನಿಮ್ಮ ಗುಂಡಿಗೆ ಎಲ್ಲಿ ಸಾಲುತ್ತದೆ?"

ಮರುದಿನ ಹೊತ್ತು ಏರಿದ ಮೇಲೆ ಇಪ್ಪತ್ತು ಎಮ್ಮೆಯ ಯಜಮಾನ ಎರಡು ಪೀಪಾಯಿ ಬಗ್ಗಡ ಹೇರಿಕೊಂಡು ನಡುಬೀದಿಯಲ್ಲಿ ಗಾಡಿ ಹೊಡೆದ. ಊರಿಗೆ ಊರೇ ಜಗಲಿಗೆ ಬಂದು ನೋಡಿತು. "ಏನು ಯಜಮಾನರೇ, ಮನೆಯಲ್ಲಿ ಸಗಣಿಗೆ ಬರವೇ?" ಎಂದು ಒಬ್ಬ ಕೇಳಿದ. ರೈತ ತಲೆ ತಗ್ಗಿಸಿದ. ನಾಲ್ಕನೆಯವನೂ ಅದನ್ನೇ ಕೇಳುವ ಹೊತ್ತಿಗೆ ಅವನಿಗೇ ನಗು ಬಂತು. "ಹೌದಪ್ಪ, ನಿನ್ನ ಮನೆಯಲ್ಲಿದ್ದರೂ ಒಂದಿಷ್ಟು ಕೊಡು" ಎಂದ.

ಹತ್ತನೆಯ ದಿನ ಮುಚ್ಚಳ ಒಂದು ಮೊಳ ಮೇಲೆದ್ದಿತು. ನಾಮಕರಣದ ದಿನ ಮನೆಯಿಡೀ ಬೆಳಗಿತು. ತೊಟ್ಟಿಲ ಪಕ್ಕದ ಮೊದಲ ಕುರ್ಚಿಯಲ್ಲಿ ರೈತ ಎರಡು ಹಸುವಿನವಳನ್ನು ಕೂರಿಸಿದ.

ಕತೆ ಕೇಳಿ ಶಿಷ್ಯ ನಕ್ಕ. ಆದರೂ ಬಿಡಲಿಲ್ಲ. "ಎಲ್ಲ ಸರಿ ಗುರುಗಳೇ, ಇಪ್ಪತ್ತು ಎಮ್ಮೆಯ ಸಗಣಿಯಲ್ಲಿ ಇಲ್ಲದ್ದು ಎರಡು ಹಸುವಿನ ಸಗಣಿಯಲ್ಲಿ ಏನಿತ್ತು?"

ಗುರುಗಳು ಹೇಳಿದರು: "ಎರಡೂ ಸಗಣಿಯೇ ಮಗು, ಅವಳದು ಕೊಳೆಯಲು ಒಪ್ಪಿಕೊಂಡಿತ್ತು."