ಮಂದ್ರದ ತಂತಿ

ಹೊಳೆಯ ಆಚೀಚೆಯ ಊರುಗಳಲ್ಲಿ ಹಾಡಿಕೆಯ ರಾಯರ ಮನೆತನವನ್ನು ತಿಳಿಯದವರಿರಲಿಲ್ಲ. ಆ ಮನೆಯಲ್ಲಿ ಕೂಸು ಅತ್ತರೂ ಶ್ರುತಿ ಬಿಟ್ಟು ಅಳುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಮುತ್ತಜ್ಜ ಅರಮನೆಯಲ್ಲಿ ಹಾಡಿದವರು. ಅಜ್ಜ ನರಹರಿರಾಯರು ಹಾಡಲು ಕುಳಿತರೆ ಎದುರಿಗಿದ್ದವರು ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸುತ್ತಿದ್ದರು. ಆ ಮನೆಯವರು ಮಾತಿಗೆ ತಪ್ಪಿದವರಲ್ಲ, ಹೊತ್ತಿಗೆ ತಪ್ಪಿದವರಲ್ಲ, ಮಡಿಕೆ ಕೆಟ್ಟ ಶಾಲು ಹೊದ್ದು ಹೊಸಿಲು ದಾಟಿದವರಲ್ಲ. ಯಾರೆದುರೂ ತಲೆ ತಗ್ಗಿಸುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

ಆ ಮನೆಯ ಹುಡುಗಿ ಕಾತ್ಯಾಯಿನಿ. ಹೊಳೆದಂಡೆಯ ಗುರುಮನೆಯಲ್ಲಿ ಕಮಲಾಕ್ಷಮ್ಮನವರ ಬಳಿ ಹಾಡುಗಾರಿಕೆ ಕಲಿಯುತ್ತಿದ್ದಳು.

ಒಂದು ಬೆಳಿಗ್ಗೆ ಪಾಠ ಮುಗಿದ ಮೇಲೆ ಅವಳು ಗುರುಗಳನ್ನು ಕೇಳಿದಳು. "ಅಮ್ಮ, ಈ ಸಲದ ಗುರುಪೂಜೆಯಲ್ಲಿ ನಾನು ಹಾಡಲೇ?"

ಅದು ಅವಳ ಮೊದಲ ಕಛೇರಿಯಾಗುತ್ತಿತ್ತು. ಆ ದಿನ ಮೊಮ್ಮಗಳಿಗೆ ಹೊದಿಸಬೇಕೆಂದು ಅಜ್ಜ ತಮಗೆ ಅರಮನೆಯಲ್ಲಿ ಹೊದಿಸಿದ್ದ ಶಾಲನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿಸಿದ್ದರು.

ಕಮಲಾಕ್ಷಮ್ಮನವರು ಹೊಳೆಯ ಆಚೆ ದಡವನ್ನು ನೋಡಿದರು. ಅಲ್ಲಿ ಸಂತೆಬೀದಿ. ಸೊಪ್ಪು, ಹೂವು, ಕಡಲೆಪುರಿ ಮಾರುವ ಹೆಂಗಸರು ತಮಗೂ ಯಾರಾದರೂ ಹಾಡು ಹೇಳಿಕೊಡಲಿ ಎಂದು ಗುರುಮನೆಗೆ ಹೇಳಿಕಳಿಸಿದ್ದರು.

"ಸಂಜೆ ಹೊತ್ತು ಹೋಗಿ ಅವರಿಗೆ ಒಂದು ಹಾಡು ಹೇಳಿಕೊಡು. ಗುರುಪೂಜೆಯ ದಿನ ಅವರು ಇಲ್ಲಿ ಬಂದು ಹಾಡಲಿ. ಅವರ ಬೆನ್ನಿಗೇ ನೀನು ಹಾಡು."

"ಅವರು ಚೆನ್ನಾಗಿ ಹಾಡದಿದ್ದರೆ?"

"ಹೇಳಿಕೊಡುವವಳು ಯಾರು?"

ಕಾತ್ಯಾಯಿನಿ ತಂಬೂರಿ ಎತ್ತಿಕೊಂಡಳು.

ಸಂತೆಬೀದಿಯ ಚಾವಡಿಯಲ್ಲಿ ಪಾಠ ಶುರುವಾಯಿತು. ಹೆಂಗಸರು ಬುಟ್ಟಿಗಳನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತರು. ಕಾತ್ಯಾಯಿನಿ ತಂಬೂರಿ ಮೀಟಿ ಒಂದು ಪುಟ್ಟ ಕೀರ್ತನೆಯ ಪಲ್ಲವಿ ಹಾಡಿ ತೋರಿಸಿದಳು. ಅವರು ಹೇಳಲು ಹೋದರೆ ಒಬ್ಬಳ ಧ್ವನಿ ಕೀರಲಾಯಿತು, ಒಬ್ಬಳದು ಒಡೆಯಿತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಕೆಲವು ದಿನ ಹೀಗೇ ನಡೆಯಿತು. ಕೊನೆಗೆ ಅವಳು ಗುರುಗಳ ಬಳಿ ದೂರು ತಂದಳು.

"ಅಮ್ಮ, ಅವರಿಗೆ ಶ್ರುತಿಯೇ ಇಲ್ಲ."

ಕಮಲಾಕ್ಷಮ್ಮನವರು ಜಗಲಿಯ ಕೆಳಗೆ ಬಿಟ್ಟಿದ್ದ ತಮ್ಮ ಚಪ್ಪಲಿಗಳನ್ನು ತೋರಿಸಿದರು. "ಅದನ್ನು ಮೆಟ್ಟಿಕೊಂಡು ಹೊಳೆಯಿಂದ ಒಂದು ತಂಬಿಗೆ ನೀರು ತಾ."

ಗುರುಗಳ ಪಾದ ಹೂವಿನಂತೆ ಪುಟ್ಟದು. ಕಾತ್ಯಾಯಿನಿ ಅಜ್ಜನಂತೆ ಎತ್ತರದ ಆಳು. ನೀರು ತಂದಳು, ಆದರೆ ಬರಿಗಾಲಲ್ಲಿ ಬಂದಳು. ಚಪ್ಪಲಿ ಕಂಕುಳಲ್ಲಿತ್ತು.

"ಯಾಕೆ?"

"ಅಳತೆ ಹೊಂದಲಿಲ್ಲ, ಅಮ್ಮ. ಹಿಮ್ಮಡಿ ಹೊರಗೇ ಉಳಿಯಿತು."

"ಹಾಗಾದರೆ ನಿನ್ನ ಕಾಲು ಸರಿಯಿಲ್ಲ."

ಕಾತ್ಯಾಯಿನಿ ಚಪ್ಪಲಿಗಳನ್ನು ಜಗಲಿಯ ಕೆಳಗೆ ಜೋಡಿಸಿಟ್ಟಳು. ಆ ಸಂಜೆ ಚಾವಡಿಯಲ್ಲಿ ಕುಳಿತು ತಂಬೂರಿಯ ಬಿರಡೆಗಳನ್ನು ಸಡಿಲಿಸಿದಳು. ತನ್ನ ಶ್ರುತಿಯನ್ನು ಬಿಟ್ಟು, ಅವರ ಧ್ವನಿಗೆ ಎಲ್ಲಿ ಹಿತವೋ ಅಲ್ಲಿಗೆ ತಂತಿಗಳನ್ನು ಇಳಿಸಿದಳು. ಹೆಂಗಸರು ಹಾಡಿದರು. ಯಾರ ಧ್ವನಿಯೂ ಒಡೆಯಲಿಲ್ಲ.

ಅಂದಿನಿಂದ ಅವಳಿಗೆ ಸಂಜೆ ಯಾವಾಗ ಆದೀತು ಎನ್ನಿಸತೊಡಗಿತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಸೊಪ್ಪಿನ ಪುಟ್ಟತಾಯಮ್ಮ. ಬೀದಿ ಬೀದಿ ಸೊಪ್ಪು ಕೂಗಿ ಅವಳ ಗಂಟಲು ಮರಳು ತಿಕ್ಕಿದಂತಾಗಿತ್ತು. ಹಾಡುವಾಗ ಉಳಿದವರು ಮೇಲಿನ ದಾರಿಯಲ್ಲಿ ಹೋದರೆ ಇವಳ ಧ್ವನಿ ಕೆಳಗೆ, ನೆಲ ಹಿಡಿದು ನಡೆಯುತ್ತಿತ್ತು.

ಹೂವಿನ ನಿಂಗಾಜಮ್ಮ ಅವಳನ್ನು ಕೆಣಕದ ದಿನವಿಲ್ಲ. "ನೀ ಹಾಡುದ್ರೆ ಸ್ವಾಮಿ ಕಣ್ ಬುಟ್ಟು, ದಂಟು ಎಳೇದಾ ಅಂತ ಕೇಳ್ತಾನೆ ಕಣಕ್ಕ."

"ಕೇಳ್ಲಿ ಬುಡು. ದ್ಯಾವ್ರಿಗೂ ಎಳೇ ದಂಟೇ ಕೊಡ್ತೀನಿ," ಎನ್ನುತ್ತಿದ್ದಳು ಪುಟ್ಟತಾಯಮ್ಮ.

ಮಾರಿ ಉಳಿದ ಸೊಪ್ಪಿನಲ್ಲಿ ಚೆನ್ನಾದ ಒಂದು ಕಟ್ಟನ್ನು ಅವಳು ದಿನವೂ ಕಾತ್ಯಾಯಿನಿಗಾಗಿ ಎತ್ತಿಡುತ್ತಿದ್ದಳು. ಬೇಡವೆಂದರೆ ಕೇಳುವವಳಲ್ಲ. ಒಂದು ಸಂಜೆ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾ ತಾನಾಗಿ ಹೇಳಿದಳು.

"ಜಲ್ಮೆಲ್ಲಾ ಕೂಗಿದ್ದೇ ಆಯ್ತು, ಅಮ್ಮಣ್ಣಿ. ಒಂದ್ಸಲ ಜನ್ರ ಮುಂದೆ ಹಾಡ್ಬುಡ್ಬೇಕು."

ಗುರುಪೂಜೆಯ ದಿನ ಹಾಡಿಸುತ್ತೇನೆ ಎಂದು ಕಾತ್ಯಾಯಿನಿ ಮಾತು ಕೊಟ್ಟಳು.

ಸಂಜೆಯ ಗಾಳಿ ಹೊಳೆಯ ಆಚೆಯಿಂದ ಈಚೆಗೆ ಬೀಸುತ್ತದೆ. ಚಾವಡಿಯ ಹಾಡು ಗಾಳಿಯ ಜೊತೆ ಗುರುಮನೆಯ ಮೆಟ್ಟಿಲತನಕ ಬರುತ್ತಿತ್ತು. ಕಮಲಾಕ್ಷಮ್ಮನವರು ದೀಪ ಹಚ್ಚಿಟ್ಟು ಅಲ್ಲಿ ಬಂದು ಕೂರುತ್ತಿದ್ದರು. ಅದು ಕಾತ್ಯಾಯಿನಿಗೆ ಗೊತ್ತಿರಲಿಲ್ಲ.

ಗುರುಪೂಜೆ ಹತ್ತಿರವಾದಾಗ ಒಂದು ಬೆಳಿಗ್ಗೆ ಅವರು ಕೇಳಿದರು. "ನಿನ್ನ ಹೆಂಗಸರ ನಡುವೆ ಒಬ್ಬ ಗಂಡಸು ಸೇರಿಕೊಂಡಿದ್ದಾನಲ್ಲ?"

ಕಾತ್ಯಾಯಿನಿಯ ಮುಖ ಕೆಂಪಾಯಿತು. "ಗಂಡಸಲ್ಲ, ಅಮ್ಮ. ಸೊಪ್ಪು ಮಾರುವ ಪುಟ್ಟತಾಯಮ್ಮ."

ಗುರುಗಳು ನಕ್ಕರು. ನಗುತ್ತಲೇ ಒಳಗೆ ಹೋದರು.

ಆ ನಗು ಕಾತ್ಯಾಯಿನಿಯ ಕಾಲಿಗೆ ಮುಳ್ಳಿನಂತೆ ಸಿಕ್ಕಿಕೊಂಡಿತು. ತಾನು ಕಲಿಸಿದ ಹಾಡು ಗುರುಗಳಿಗೆ ನಗೆಪಾಟಲಾಯಿತು ಎಂದುಕೊಂಡಳು. ಗುರುಪೂಜೆಗೆ ದೊಡ್ಡ ದೊಡ್ಡ ವಿದ್ವಾಂಸರು ಬರುವವರಿದ್ದರು, ಅಜ್ಜ ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ಅವರೆಲ್ಲ ಹಾಗೆಯೇ ನಕ್ಕರೆ ಅದರ ಬೆನ್ನಿಗೆ ತಾನು ಹಾಡುವುದು ಹೇಗೆ?

ಗುರುಪೂಜೆಯ ಹಿಂದಿನ ಸಂಜೆ ಎಲ್ಲರೂ ಬುಟ್ಟಿ ಎತ್ತಿಕೊಂಡು ಹೊರಟ ಮೇಲೆ ಅವಳು ಪುಟ್ಟತಾಯಮ್ಮನನ್ನು ನಿಲ್ಲಿಸಿಕೊಂಡಳು.

"ನಾಳೆ ನೀವು ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ. ಆದರೆ ಬಾಯಿ ಮಾತ್ರ ಆಡಿಸಿ. ಧ್ವನಿ ಬೇಡ."

ಪುಟ್ಟತಾಯಮ್ಮನ ಕೈ ಬುಟ್ಟಿಯ ಅಂಚಿನ ಮೇಲೆ ನಿಂತಿತು.

"ಒಸಿ ಮೆಲ್ಲಕ್ಕೆ ಅಂದ್ರೂ?"

"ಬೇಡ."

"ಆಗ್ಲಿ, ಅಮ್ಮಣ್ಣಿ. ನಿನ್ನೆಸರು ಕೆಡಬಾರ್ದು."

ಅವಳು ಆ ದಿನವೂ ಸೊಪ್ಪಿನ ಕಟ್ಟು ಕೊಟ್ಟೇ ಹೋದಳು. ಕಾತ್ಯಾಯಿನಿ ಅದನ್ನು ಹಿಡಿದುಕೊಂಡು ಹೊಳೆ ದಾಟಿದಳು. ಯಾರಿಗೂ ನೋವಾಗದಂತೆ ಕೆಲಸ ಮುಗಿಸಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಗುರುಪೂಜೆಯ ದಿನ ಗುರುಮನೆಯ ಅಂಗಳ ತುಂಬಿತು. ನರಹರಿರಾಯರು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಶಾಲು ತೊಡೆಯ ಮೇಲಿತ್ತು.

ಸಂತೆಬೀದಿಯ ಹೆಂಗಸರು ಗಂಜಿ ಹಾಕಿದ ಸೀರೆ ಉಟ್ಟು, ನಿಂಗಾಜಮ್ಮ ಕಟ್ಟಿದ ಹೂ ಮುಡಿದು ಬಂದರು. ಹಾಡಿದರು. ತಪ್ಪಿಲ್ಲದೆ ಹಾಡಿದರು. ಪುಟ್ಟತಾಯಮ್ಮನ ತುಟಿಗಳು ಒಂದು ಅಕ್ಷರವೂ ತಪ್ಪದೆ ಆಡಿದವು. ಅವಳ ಮುಖದಲ್ಲಿ ನಗುವೂ ಇತ್ತು.

ವಿದ್ವಾಂಸರು ತಲೆದೂಗಿದರು. ನರಹರಿರಾಯರು ಅಪರೂಪಕ್ಕೆ "ಭೇಷ್" ಎಂದರು.

ಕಮಲಾಕ್ಷಮ್ಮನವರು ಕಣ್ಣು ಮುಚ್ಚಿ, ಕತ್ತು ಒಂದಿಷ್ಟು ಮುಂದಕ್ಕೆ ಚಾಚಿ ಕೇಳುತ್ತಿದ್ದರು. ಬಾಗಿಲಲ್ಲಿ ಯಾರದೋ ದಾರಿ ಕಾಯುವವರ ಹಾಗೆ. ಹಾಡು ಮುಗಿಯುವ ಹೊತ್ತಿಗೆ ಕಣ್ಣು ತೆರೆದು ಮುಂದಿನ ಸಾಲಿನ ಹೆಂಗಸರ ತುಟಿಗಳನ್ನು ಒಂದೊಂದಾಗಿ ನೋಡಿದರು. 

ಹೆಂಗಸರು ಎದ್ದು ಹೋಗಿ ಬಾಗಿಲ ಬಳಿ ಕುಳಿತರು. ಕಾತ್ಯಾಯಿನಿ ವೇದಿಕೆಗೆ ಬಂದು ಅಜ್ಜನಿಗೆ ಕೈಮುಗಿದಳು.

"ತಂಬೂರಿ ಇತ್ತ ಕೊಡು. ಶ್ರುತಿ ಮಾಡಿಕೊಡುತ್ತೇನೆ," ಎಂದರು ಪಕ್ಕದಲ್ಲೇ ಕುಳಿತಿದ್ದ ಗುರುಗಳು.

ಗುರುಗಳೇ ಶ್ರುತಿ ಮಾಡಿಕೊಡುವುದು ಆ ಗುರುಮನೆಯಲ್ಲಿ ದೊಡ್ಡ ಮರ್ಯಾದೆ. ಅಜ್ಜನ ಕಣ್ಣು ತೇವವಾದದ್ದನ್ನು ಕಾತ್ಯಾಯಿನಿ ಕಂಡಳು.

ತಂಬೂರಿ ಅವಳ ಕೈಗೆ ಮರಳಿತು. ಅವಳು ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಮೀಟಿದಳು. ಪಂಚಮ ನುಡಿಯಿತು. ಷಡ್ಜದ ಜೋಡಿ ತಂತಿಗಳು ನುಡಿದವು. ಕೊನೆಯದು ಮಂದ್ರ, ಹಿತ್ತಾಳೆಯ ದಪ್ಪ ತಂತಿ. ಅದು ಟಪ್ ಎಂದು ಸತ್ತ ಸದ್ದು ಮಾಡಿ ಸುಮ್ಮನಾಯಿತು.

ಮತ್ತೆ ಮೀಟಿದಳು. ಹಾಗೇ ಆಯಿತು. ಕಾಲಕೆಳಗಿನ ನೆಲ ಸರಿದಂತಾಗಿ ಎಲ್ಲಿ ಧ್ವನಿ ಊರಬೇಕೋ ಅವಳಿಗೆ ತಿಳಿಯಲಿಲ್ಲ.

ಬಗ್ಗಿ ನೋಡಿದಳು. ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ಮಂದ್ರದ ತಂತಿಯ ಅಡಿಗೆ, ದೀಪಕ್ಕೆ ಹಾಕುವ ಹತ್ತಿಬತ್ತಿಯೊಂದನ್ನು ಒತ್ತಿ ಸಿಕ್ಕಿಸಲಾಗಿತ್ತು.

"ಅಮ್ಮ, ಮಂದ್ರ ನುಡಿಯುತ್ತಿಲ್ಲ."

"ಅದರ ಧ್ವನಿ ಒರಟು," ಎಂದರು ಕಮಲಾಕ್ಷಮ್ಮನವರು, ಅವಳಿಗೆ ಮಾತ್ರ ಕೇಳುವಂತೆ. "ತಂತಿ ಇದ್ದಲ್ಲಿಯೇ ಇದೆ. ನೀನು ಬೆರಳು ಆಡಿಸುತ್ತಾ ಹೋಗು. ನೋಡುವವರಿಗೆ ತಿಳಿಯುವುದಿಲ್ಲ."

ಕಾತ್ಯಾಯಿನಿಯ ಬೆರಳುಗಳು ತಂತಿ ಬಿಟ್ಟವು.

ಅವಳು ಬಾಗಿಲ ಕಡೆ ನೋಡಿದಳು. ಪುಟ್ಟತಾಯಮ್ಮ ಬಾಳೆಲೆಯಲ್ಲಿ ಸುತ್ತಿದ ಸೊಪ್ಪಿನ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗುರುಗಳಿಗೆಂದು ತಂದದ್ದು. ಕಾತ್ಯಾಯಿನಿ ನೋಡಿದ್ದನ್ನು ಕಂಡು, ಹಾಡು ಹಾಡು ಎಂಬಂತೆ ಅವಳು ಕೈ ಆಡಿಸಿದಳು.

"ನಿಮಗೆ ಯಾರು ಹೇಳಿದರು?" ಕಾತ್ಯಾಯಿನಿ ಗುರುಗಳ ಕಡೆ ತಿರುಗಿದಳು.

"ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಧ್ವನಿ ಅದು. ಇವತ್ತೂ ಕಾದೆ. ಬರಲಿಲ್ಲ."

"ಆ ಧ್ವನಿಗೆ ನೀವು ನಕ್ಕಿರಲ್ಲ, ಅಮ್ಮ."

"ಮೊಮ್ಮಗಳು ಮೊದಲ ಹೆಜ್ಜೆ ಇಟ್ಟಾಗ ನಿಮ್ಮ ಅಜ್ಜ ನಗಲಿಲ್ಲವೇ?"

ಅಂಗಳದಲ್ಲಿ ಗುಸುಗುಸು ಹುಟ್ಟಿತು. ನರಹರಿರಾಯರು ತೊಡೆಯ ಮೇಲಿನ ಶಾಲನ್ನು ಸರಿಮಾಡಿಕೊಂಡರು. ಆ ಮನೆಯವರು ಹೊತ್ತಿಗೆ ತಪ್ಪಿದವರಲ್ಲ.

ಕಾತ್ಯಾಯಿನಿಯ ಬೆರಳು ಬತ್ತಿಯನ್ನು ಎಳೆದುಹಾಕಲು ಕುದುರೆಯ ಕಡೆ ಸರಿಯಿತು. ಗುರುಗಳ ಪುಟ್ಟ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಬೆಚ್ಚಗಿತ್ತು. ಆದರೆ ಕದಲಲಿಲ್ಲ.

"ಹಾಡಿ ಮುಗಿಸಿದ ಮೇಲೆ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ," ಎಂದಳು ಕಾತ್ಯಾಯಿನಿ. "ಅವರ ಮನೆಗೇ ಹೋಗಿ ಕೇಳಿಕೊಳ್ಳುತ್ತೇನೆ."

"ಮಂದ್ರವಿಲ್ಲದೆ ಹಾಡುತ್ತೀಯಾ?"

"ಆಗುವುದಿಲ್ಲ."

"ಮತ್ತೆ?"

"ಇಷ್ಟು ಜನ ನೋಡುತ್ತಿದ್ದಾರೆ, ಅಮ್ಮ. ಅಜ್ಜ ನೋಡುತ್ತಿದ್ದಾರೆ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಹೀಗೆ ತಲೆ ತಗ್ಗಿಸಿದ್ದಿಲ್ಲ."

ಕಮಲಾಕ್ಷಮ್ಮನವರು ಅವಳ ಹಣೆಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು. ಆಮೇಲೆ ತಂಬೂರಿಯನ್ನು ಅವಳ ತೊಡೆಯಿಂದ ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಎದ್ದು ಹೋಗಿ ಪುಟ್ಟತಾಯಮ್ಮನ ಕ್ಷಮೆ ಕೇಳು."