ಬೀರುವಿನೊಳಗಿನ ಕನ್ನಡಕ

ಒಂದು ಊರಿನ ಪಕ್ಕದ ಗುಡ್ಡದ ಮೇಲೆ ಒಂದು ಅನಾಥಾಶ್ರಮವಿತ್ತು. ಅದನ್ನು ಪರಮಶಿವಯ್ಯ ಎಂಬಾತ ನಡೆಸುತ್ತಿದ್ದ. ಬಿಳಿ ಪಂಚೆ, ಬಿಳಿ ಜುಬ್ಬ, ಮೆಲ್ಲಗಿನ ಮಾತು. ಮಕ್ಕಳೂ ಊರವರೂ ಅವನನ್ನು 'ಅಪ್ಪಾಜಿ' ಎನ್ನುತ್ತಿದ್ದರು. ಎಲ್ಲರೂ ಅವನಿಗೆ ಬಹುವಚನ ಕೊಡುತ್ತಿದ್ದರು. ನಾನು ಕೊಡುವುದಿಲ್ಲ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಆಶ್ರಮಕ್ಕೆ ದಾನಿಗಳು ಬರುವ ದಿನವೆಂದರೆ ಅಲ್ಲಿ ಶಾಮಿಯಾನ ಏಳುತ್ತಿತ್ತು. ಮೈಕು ಬರುತ್ತಿತ್ತು. ಕೊನೆಗೆ ನಿಂಬೆವ್ವ ಎಂಬ ಹುಡುಗಿ ಹಾಡಲು ಬರುತ್ತಿದ್ದಳು. ಹತ್ತು ವರ್ಷದ ಹುಡುಗಿ, ಎರಡು ಜಡೆ. ಕಣ್ಣು ಕಾಣುವುದಿಲ್ಲವೆಂದು ಯಾರಾದರೂ ಕೈಹಿಡಿದು ತರುತ್ತಿದ್ದರು. ವೇದಿಕೆಯ ಮೆಟ್ಟಿಲ ಬಳಿ ಕೈಬಿಡುತ್ತಿದ್ದರು. ಹುಡುಗಿ ತಡವರಿಸಿ, ಎಡವಿ, ಮೊಣಕಾಲೂರಿ ಎದ್ದು ಮೈಕು ಹುಡುಕಿಕೊಳ್ಳುತ್ತಿದ್ದಳು. ಅವಳು ಹಾಡು ಶುರುಮಾಡುವ ಮೊದಲೇ ಮುಂದಿನ ಸಾಲಿನವರ ಕರ್ಚೀಫು ಹೊರಗೆ ಬಂದಿರುತ್ತಿತ್ತು. ಹಾಡು ಮುಗಿದ ಮೇಲೆ ಅವಳು ದಾನಿಗಳ ಮುಖವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಆಗ ಕಲ್ಲಿನಂಥವರೂ ಕರಗಿ ಜೇಬಿಗೆ ಕೈಹಾಕುತ್ತಿದ್ದರು.

ಹಾಗೆ ಕರಗಿದವರಲ್ಲಿ ನೀಲಗಂಗಮ್ಮನೂ ಒಬ್ಬಳು. ಊರಿನ ಬಸ್ ನಿಲ್ದಾಣದ ಎದುರು ಆಕೆಯ ಖಾನಾವಳಿ. ಗಂಡ ಹೋದ ಮೇಲೆ ಒಬ್ಬಳೇ ನಿಂತು ಅದನ್ನು ದೊಡ್ಡದು ಮಾಡಿದ್ದಳು. ಖಡಕ್ ಹೆಂಗಸು. ಅನ್ನ ಬಿಸಾಡಿದವರಿಗೆ ಎಲ್ಲರೆದುರೇ ಬೈಯುತ್ತಿದ್ದಳು. ಆದರೆ ನಿಂಬೆವ್ವನ ಬೆರಳು ಕೆನ್ನೆಗೆ ತಾಗಿದಾಗ ಆಕೆಯೂ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಅಂದು ಮನೆಗೆ ಬಂದರೆ ಏನೋ ಪುಣ್ಯದ ಕೆಲಸ ಮಾಡಿದ ಸಮಾಧಾನ. ಅದಕ್ಕಾಗಿ ಗಂಡನ ಹೆಸರಿನಲ್ಲಿ ಅಕ್ಕಿ, ಬೇಳೆ, ಬಟ್ಟೆ ಕಳಿಸುತ್ತಲೇ ಇದ್ದಳು.

ಒಂದು ಮಧ್ಯಾಹ್ನ ಕಣ್ಣಿನ ಡಾಕ್ಟರ್ ಮುನೀರ್ ಖಾನಾವಳಿಗೆ ಊಟಕ್ಕೆ ಬಂದರು. ಪಕ್ಕದ ಪಟ್ಟಣದವರು. ಆಗಾಗ ಈ ಊರಿಗೆ ಬಂದು ಉಚಿತವಾಗಿ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ನೀಲಗಂಗಮ್ಮ ಅವರ ತಟ್ಟೆಗೆ ರೊಟ್ಟಿ ಹಾಕುತ್ತಾ ಕೇಳಿದಳು.

"ಡಾಕ್ಟ್ರೇ, ಗುಡ್ಡದ ಆಶ್ರಮದಲ್ಲಿ ಒಂದು ಕುರುಡು ಹುಡುಗಿ ಐತಿ. ನಿಂಬೆವ್ವ ಅಂತ. ಆಪರೇಷನ್ ಏನಾದ್ರೂ ಆಗ್ತದೇನ್ರೀ? ಖರ್ಚು ನಾನು ನೋಡ್ಕೋತೀನಿ."

ಡಾಕ್ಟರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನಿಂಬೆವ್ವನಾ? ಅವಳು ಕುರುಡಿ ಅಂತ ಯಾರು ಹೇಳಿದ್ರು? ಹೋದ ವರ್ಷ ನಾನೇ ನೋಡಿದ್ದೀನಿ. ದೃಷ್ಟಿ ಬಹಳ ಕಡಿಮೆ, ಅಷ್ಟೇ. ಎಲ್ಲಾ ಮಂಜು ಮಂಜು. ದಪ್ಪ ಗಾಜಿನ ಕನ್ನಡಕ ಹಾಕಿದ್ರೆ ಓದ್ತಾಳೆ, ಬರೀತಾಳೆ. ಕನ್ನಡಕ ಮಾಡಿಸಿ ಅಪ್ಪಾಜಿ ಕೈಲೇ ಕೊಟ್ಟಿದ್ದೆನಲ್ಲ! ಹಾಕ್ಕೊಳ್ತಿಲ್ವಾ?"

ಆ ಹುಡುಗಿಯ ಕಣ್ಣಿನ ಮೇಲೆ ಕನ್ನಡಕವನ್ನು ನೀಲಗಂಗಮ್ಮ ಒಮ್ಮೆಯೂ ಕಂಡಿರಲಿಲ್ಲ. ಮಕ್ಕಳಲ್ಲವೇ, ಒಡೆದಿರಬೇಕು ಎಂದುಕೊಂಡಳು. ಡಾಕ್ಟರಿಗೆ ಹೇಳಿ ಇನ್ನೊಂದು ಕನ್ನಡಕ ಮಾಡಿಸಿದಳು. ತಾನೇ ಗುಡ್ಡ ಹತ್ತಿ ಪರಮಶಿವಯ್ಯನ ಕೈಗೆ ಕೊಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು, "ತಾಯೀ, ನೀವು ದೇವರಂಥವರು" ಅಂದ. ಮುಂದಿನ ಸಮಾರಂಭಕ್ಕೆ ಆಕೆಯೇ ಮುಖ್ಯ ಅತಿಥಿ ಎಂದೂ ಹೇಳಿದ.

ಆ ದಿನ ಬಂತು. ನೀಲಗಂಗಮ್ಮ ಹೊಸ ಇಳಕಲ್ ಸೀರೆ ಉಟ್ಟು ಸ್ವಲ್ಪ ಮುಂಚೆಯೇ ಹೋದಳು. ಶಾಮಿಯಾನದ ಹಿಂದೆ ನಿಂಬೆವ್ವ ಒಬ್ಬಳೇ ಕೂತಿದ್ದಳು. ಕಣ್ಣಿಗೆ ಕನ್ನಡಕವಿಲ್ಲ.

"ಕನ್ನಡಕ ಎಲ್ಲಿ ಮಗಾ? ಒಡೀತಾ?"

"ಇಲ್ಲಜ್ಜಿ. ಬೀರುವಿನಲ್ಲಿದೆ. ಅಪ್ಪಾಜಿ ಒಂದು ಸಲ ಹಾಕಿ ತೋರಿಸಿದ್ರು." ಹುಡುಗಿಯ ಮುಖ ಅರಳಿತು. "ಬೇವಿನ ಮರದಲ್ಲಿ ಒಂದೊಂದು ಎಲೆ ಬೇರೆ ಬೇರೆ ಇರ್ತದೆ, ಗೊತ್ತಾ? ನಾನು ಮರ ಅಂದ್ರೆ ಒಂದೇ ಹಸಿರು ಮುದ್ದೆ ಅಂದ್ಕೊಂಡಿದ್ದೆ."

"ಮತ್ಯಾಕೆ ಹಾಕ್ಕೊಂಡಿಲ್ಲ?"

"ನಾನು ಹಾಕ್ಕೊಂಡ್ರೆ ಬಂದವರು ಅಳಲ್ಲ. ಅವರು ಅಳದಿದ್ರೆ ಎಲ್ಲರಿಗೂ ಅನ್ನ ಇರಲ್ಲ. ಸಣ್ಣ ಪಾಪುಗಳೂ ಉಪವಾಸ ಬೀಳ್ತವೆ ಅಂತ ಅಪ್ಪಾಜಿ ಹೇಳಿದ್ರು. ಅದಕ್ಕೆ ನಾನೇ ಬೇಡ ಅಂದೆ ಅಜ್ಜಿ."

ಕೇಳಿದಿರಾ? ಹತ್ತು ವರ್ಷದ ಮಗುವಿನ ಹೆಗಲ ಮೇಲೆ ಇಡೀ ಆಶ್ರಮದ ಹಸಿವನ್ನು ಹೊರಿಸಿದ್ದ ಆ ಮಹಾನುಭಾವ. ಕಣ್ಣು ಕಿತ್ತುಕೊಂಡಿದ್ದಲ್ಲದೆ, ಅದನ್ನು ತಾನೇ ಕೊಟ್ಟೆನೆಂದು ಆ ಮಗುವೇ ಹೇಳುವ ಹಾಗೆ ಮಾಡಿದ್ದ.

ನೀಲಗಂಗಮ್ಮ ನೆಟ್ಟಗೆ ಪರಮಶಿವಯ್ಯನ ಕೋಣೆಗೆ ನುಗ್ಗಿದಳು. ಕೇಳಿದಳು. ಅವನು ಬೆಚ್ಚಲಿಲ್ಲ. ಬಾಗಿಲು ಮುಂದೆ ಮಾಡಿ, ಕುರ್ಚಿ ತೋರಿಸಿ, ಅದೇ ಮೆಲ್ಲಗಿನ ದನಿಯಲ್ಲಿ ಹೇಳಿದ.

"ಕೂತ್ಕೊಳ್ಳಿ ತಾಯೀ. ಸಿಟ್ಟು ಬೇಡ. ಇಲ್ಲಿ ಗಟ್ಟಿಮುಟ್ಟಾದ ಮಕ್ಕಳೂ ಹಾಡ್ತಾರೆ. ಚೆನ್ನಾಗೇ ಹಾಡ್ತಾರೆ. ಅವರಿಗೆ ಒಂದು ದಿನ ನೀವು ಏನಾದ್ರೂ ಕೊಟ್ಟಿದ್ದೀರಾ? ಚಪ್ಪಾಳೆ ತಟ್ಟಿ ಸುಮ್ಮನಾಗಿದ್ದೀರಿ. ನಿಂಬೆವ್ವ ಎಡವಿ ಬಿದ್ದಾಗ ತಾನೇ ನಿಮ್ಮ ಮನಸ್ಸು ಕರಗೋದು? ನಿಮ್ಮಂಥವರಿಗೆ ಕಣ್ಣೀರು ಬೇಕು. ನಾನು ಒದಗಿಸ್ತೀನಿ. ಅದರಿಂದ ಇಷ್ಟು ಮಕ್ಕಳ ಹೊಟ್ಟೆ ತುಂಬ್ತದೆ. ಇದರಲ್ಲಿ ನನ್ನದೇನು ತಪ್ಪು?"

ನೀಲಗಂಗಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಾಕೆಂದರೆ ಅವನ ಮಾತಿನಲ್ಲಿ ಅರ್ಧ ನಿಜವಿತ್ತು.

ಅವನು ಇನ್ನೂ ಹತ್ತಿರ ಬಂದು ಹೇಳಿದ. "ನೀವು ಹೊರಗೆ ಹೇಳಿದ್ರೆ ನಾಳೆಯಿಂದ ಇಲ್ಲಿಗೆ ಯಾರೂ ಬರಲ್ಲ. ಒಲೆ ಉರಿಯಲ್ಲ. ಆ ಪಾಪ ನಿಮ್ಮದು. ಯೋಚನೆ ಮಾಡಿ. ಅಲ್ಲಿ ಹಾರ ರೆಡಿ ಇದೆ."

ಆಕೆ ಹೊರಗೆ ಬಂದಳು. ಸುಮ್ಮನಿರಲೇ? ಮಕ್ಕಳು ಉಂಡು ಮಲಗುತ್ತವೆ. ಹೇಳಿಬಿಡಲೇ? ನಾಳೆ ಅವುಗಳ ತಟ್ಟೆಗೆ ಯಾರು ದಿಕ್ಕು? ಅದನ್ನೇ ಯೋಚಿಸುತ್ತಾ ವೇದಿಕೆಯ ಮೇಲೆ ಕೂತಳು. ಹಾರ ಹಾಕಿದರು. ಶಾಲು ಹೊದಿಸಿದರು. ಎದುರಿಗೆ ಜನ ತುಂಬಿದ್ದರು. ಅಷ್ಟರಲ್ಲಿ ನಿಂಬೆವ್ವನನ್ನು ಕರೆತಂದು ಮೆಟ್ಟಿಲ ಬಳಿ ಕೈಬಿಟ್ಟರು. ಹುಡುಗಿ ಎಡವಿದಳು. ಮೊಣಕಾಲು ಕಲ್ಲಿಗೆ ಬಡಿದ ಸದ್ದು ಮೈಕಿನಲ್ಲೂ ಕೇಳಿಸಿತು. ಮುಂದಿನ ಸಾಲಿನ ಹೆಂಗಸೊಬ್ಬಳು "ಅಯ್ಯೋ ಪಾಪ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪರಮಶಿವಯ್ಯ ಆ ಹೆಂಗಸನ್ನು ನೋಡಿ ಸಣ್ಣಗೆ ತಲೆದೂಗಿದ.

ಆ ತಲೆದೂಗುವಿಕೆ ನೀಲಗಂಗಮ್ಮನಿಗೆ ಸಾಕಾಯಿತು. ಎದ್ದು ಹಾರ ತೆಗೆದು ಮೇಜಿನ ಮೇಲೆ ಎಸೆದಳು. ಮೈಕು ಕಿತ್ತುಕೊಂಡಳು.

"ಯಾರೂ ಅಳಬ್ಯಾಡ್ರಿ! ಈ ಹುಡುಗಿ ಕುರುಡಿ ಅಲ್ಲ. ಇವಳ ಕನ್ನಡಕ ಈ ಮನುಷ್ಯನ ಬೀರುವಿನಲ್ಲೈತಿ. ನೀವು ಅಳಲಿ ಅಂತ ಒಳಗಿಟ್ಟಾನ. ಬೀಗದ ಕೈ ತೆಗಿಯಪ್ಪಾ!"

ಸಭೆಯಲ್ಲಿ ಗುಜುಗುಜು ಶುರುವಾಯಿತು. ಪರಮಶಿವಯ್ಯ ಕೈಮುಗಿದು ನಕ್ಕ. "ಅಮ್ಮನವರಿಗೆ ಯಾರೋ ತಪ್ಪು ತಿಳಿಸಿದ್ದಾರೆ. ಆ ಬೀರುವಿನ ಬೀಗದ ಕೈ ಕಳೆದು ಬಹಳ ದಿನ ಆಯ್ತು."

ಆಗ ನಿಂಬೆವ್ವ ಅವನ ದನಿ ಬಂದ ಕಡೆಗೆ ತಿರುಗಿದಳು. ಅಪ್ಪಾಜಿಗೆ ನೆರವಾಗೋಣವೆಂದು ಮುಗ್ಧವಾಗಿ ಹೇಳಿದಳು.

"ಇಲ್ಲ ಅಪ್ಪಾಜಿ, ಕಳೆದಿಲ್ಲ. ನಿಮ್ಮ ಜುಬ್ಬದ ಜೇಬಲ್ಲೇ ಇದೆ. ನೀವು ನಡೆಯುವಾಗ ಸದ್ದು ಬರ್ತದೆ."

ನಾಲ್ಕು ಜನ ಎದ್ದು ವೇದಿಕೆ ಹತ್ತಿ ಅವನ ಜೇಬಿನಿಂದ ಬೀಗದ ಕೈ ತೆಗೆದರು.

ಬೀರು ತೆರೆದಾಗ ಕಂಡದ್ದು ಒಂದು ಕನ್ನಡಕವಲ್ಲ. ಸಾಲು ಸಾಲು ಕನ್ನಡಕಗಳಿದ್ದವು. ಕಿವಿ ಕೇಳಿಸುವ ಯಂತ್ರಗಳಿದ್ದವು, ಡಬ್ಬಿ ಕೂಡ ಒಡೆದಿರಲಿಲ್ಲ. ಚರ್ಮದ ಕಾಯಿಲೆಯ ಮುಲಾಮುಗಳು ಒಣಗಿ ಕಲ್ಲಾಗಿದ್ದವು. ಎಲ್ಲಕ್ಕಿಂತ ಕೆಳಗೆ, ಡೊಂಕು ಕಾಲನ್ನು ನೇರ ಮಾಡುವ ಪುಟ್ಟ ಬೂಟು ಒಂದು ಜೊತೆ. ಯಾರೋ ಪುಣ್ಯಾತ್ಮರು ಅದನ್ನು ದ್ಯಾಮ ಎಂಬ ಹುಡುಗನ ಕಾಲಿನ ಅಳತೆ ಕೊಟ್ಟು ಮಾಡಿಸಿ ಕಳಿಸಿದ್ದರು. ದ್ಯಾಮ ಕುಂಟುತ್ತಾ ಬಂದು ಅದನ್ನು ಹಾಕಿಕೊಳ್ಳಲು ನೋಡಿದ. ಅವನ ಹೆಬ್ಬೆರಳೂ ಒಳಗೆ ಹೋಗಲಿಲ್ಲ. ಅವನು ಆಗಲೇ ಬೆಳೆದುಬಿಟ್ಟಿದ್ದ. ಕಾಲು ಡೊಂಕಾಗಿಯೇ ಬಲಿತುಬಿಟ್ಟಿತ್ತು.

ಇಷ್ಟಾದರೂ ದಾನಿಗಳಲ್ಲಿ ಒಬ್ಬ ದೊಡ್ಡ ಮನುಷ್ಯ ನೀಲಗಂಗಮ್ಮನ ಹತ್ತಿರ ಬಂದು, "ಒಳ್ಳೇ ಸಮಾರಂಭ ಹಾಳು ಮಾಡಿದ್ರಲ್ಲಮ್ಮ. ಇದನ್ನೆಲ್ಲ ಒಳಗೇ ಮಾತಾಡಿ ಮುಗಿಸಬಹುದಿತ್ತು" ಅಂದ. ಅವನಿಗೆ ಬೀರುವಿನಲ್ಲಿದ್ದದ್ದು ನಾಚಿಕೆ ಅನ್ನಿಸಲಿಲ್ಲ. ಬೀರು ತೆರೆದದ್ದೇ ನಾಚಿಕೆ ಅನ್ನಿಸಿತು. ಇಂಥವರು ಪ್ರತಿ ಊರಿನಲ್ಲೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಪೊಲೀಸರು ಬಂದು ಪರಮಶಿವಯ್ಯನನ್ನು ಕರೆದೊಯ್ದರು. ಜೀಪು ಹತ್ತುವಾಗಲೂ ಅವನು ಮಕ್ಕಳ ಕಡೆ ತಿರುಗಿ ಕೈಮುಗಿದು ಕಣ್ಣೀರು ಹಾಕಿದ. ಈ ಸಲ ಯಾರೂ ಕರಗಲಿಲ್ಲ. ಆಶ್ರಮವನ್ನು ನೋಡಿಕೊಳ್ಳಲು ಸರ್ಕಾರದವರು ಬೇರೆಯವರನ್ನು ಹಾಕಿದರು.

ಅವನು ಹೆದರಿಸಿದ್ದೂ ಅರ್ಧ ನಿಜವಾಯಿತು. ದಾನಿಗಳು ಕಡಿಮೆಯಾದರು. ಶಾಮಿಯಾನ ಏಳಲಿಲ್ಲ. ಆದರೆ ಒಲೆ ಆರಲಿಲ್ಲ. ಖಾನಾವಳಿಯಿಂದ ಅನ್ನ ಸಾರಿನ ಪಾತ್ರೆಗಳು ಗುಡ್ಡ ಹತ್ತಿದವು. ಊರಿನ ಇನ್ನೂ ಕೆಲವು ಮನೆಗಳು ಕೈಜೋಡಿಸಿದವು. ಅವರಲ್ಲಿ ಹೆಚ್ಚಿನವರು ಯಾವತ್ತೂ ಮುಂದಿನ ಸಾಲಿನಲ್ಲಿ ಕೂತವರಲ್ಲ. ನೀಲಗಂಗಮ್ಮ ದ್ಯಾಮನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವನ ಕಾಲು ಸ್ವಲ್ಪ ಸುಧಾರಿಸಿತು. ಪೂರ್ತಿ ನೇರವಾಗಲಿಲ್ಲ. ಮೊದಲೇ ಬೂಟು ಹಾಕಿದ್ದರೆ ಓಡುತ್ತಿದ್ದ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ಆಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ಅದು ಶಾಮಿಯಾನದ ಕೆಳಗಿನ ಅಳುವಾಗಿರಲಿಲ್ಲ.

ಕೆಲವು ತಿಂಗಳ ನಂತರ ಒಂದು ಕಾರು ಗುಡ್ಡ ಹತ್ತಿ ಬಂತು. ಮಗನ ಹುಟ್ಟುಹಬ್ಬಕ್ಕೆ ದಾನ ಮಾಡಲು ಬಂದ ಬೇರೆ ಊರಿನ ಶ್ರೀಮಂತ. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಕೈಯಲ್ಲಿ ಕ್ಯಾಮೆರಾ. ಜಗಲಿಯ ಮೇಲೆ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

"ಪುಟ್ಟೀ, ಇಲ್ಲಿ ಒಬ್ಬಳು ಕುರುಡು ಹುಡುಗಿ ಹಾಡ್ತಾ ಇದ್ದಳಲ್ಲ, ಎಲ್ಲಿ ಅವಳು?"

"ನಾನೇ" ಅಂದಳು ನಿಂಬೆವ್ವ, ತಲೆಯೆತ್ತಿ.

ಆತ ಅವಳ ಕನ್ನಡಕ ನೋಡಿದ. "ಓ... ವಾಸಿ ಆಗೋಯ್ತಾ?" ಎಂದ. ದನಿಯಲ್ಲಿ ಸಂತೋಷವಿರಲಿಲ್ಲ, ನಿರಾಸೆಯಿತ್ತು. ಅತ್ತಿತ್ತ ನೋಡಿದ. ಅಳಿಸುವಂಥ ಮಗು ಬೇರೆ ಯಾವುದೂ ಕಾಣಲಿಲ್ಲ. ಹುಡುಗರು ಅಂಗಳದಲ್ಲಿ ಕೇಕೆ ಹಾಕಿ ಕಬಡ್ಡಿ ಆಡುತ್ತಿದ್ದರು. ಆತ ಕ್ಯಾಮೆರಾ ಒಳಗಿಟ್ಟು, ಡಿಕ್ಕಿ ಮುಚ್ಚಿ, ಕಾರು ತಿರುಗಿಸಿದ.

ಊಟ ತಂದಿದ್ದ ನೀಲಗಂಗಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಳು. "ಹೋಗಪ್ಪಾ ಹೋಗು! ನಿನಗ ಬೇಕಾಗಿದ್ದು ಇಲ್ಲಿಲ್ಲ!" ಎಂದು ಕಾರಿನ ಹಿಂದೆ ಕೂಗಿದಳು.

ನಿಂಬೆವ್ವ ಆತ ಹೋದ ದಾರಿಯನ್ನು ನೋಡಲಿಲ್ಲ. ಮೊರದ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಕಲ್ಲೊಂದು ಅವಳಿಗೆ ಕಂಡಿತ್ತು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಅಂಗಳಕ್ಕೆ ಎಸೆದಳು.

ನೀತಿ: ಕಷ್ಟ ನೀಗಿದರೆ ನಿಂತುಹೋಗುವ ಕರುಣೆ ಕರುಣೆಯಲ್ಲ. ಇನ್ನೊಬ್ಬರ ನೋವನ್ನು ಉಳಿಸಿಕೊಂಡು ಅದರಿಂದ ಉಣ್ಣುವವನು ಕಳ್ಳ. ಆ ನೋವನ್ನು ನೋಡಿ, ಅತ್ತು, ಹಗುರಾಗಿ, ಏನನ್ನೂ ವಿಚಾರಿಸದೆ ಮನೆಗೆ ಹೋಗುವವರು ಅವನಿಗೆ ಬೀಗದ ಕೈ ಮಾಡಿಸಿಕೊಟ್ಟವರು. ಕೊಡುವುದಾದರೆ ಕೊಡಿ. ಆದರೆ ಕೊಟ್ಟದ್ದು ಮಗುವಿನ ಕಣ್ಣಿಗೆ ತಲುಪಿತೋ ಇಲ್ಲವೋ ಎಂದು ಕೇಳಿ ಬನ್ನಿ.