ಕೊಟ್ಟಿಗೆಯ ಗೋಡೆ ಮತ್ತು ತಿದ್ದುವ ಕುಂಚ

ಹಳೆಯ ದನದ ಕೊಟ್ಟಿಗೆಯನ್ನು ಕೆಡವುವ ಮುನ್ನ ಮನೆಯವರು ಅದರ ಫೋಟೊ ತೆಗೆಸಿದರು. ಅದನ್ನು ಕಲಾತ್ಮಕವಾಗಿ ತಿದ್ದಲು ಹೊರಟ ಕಂಪ್ಯೂಟರಿನ ಕುಂಚ, ಗೋಡೆಗೆ ಇಲ್ಲದ ಬಿರುಕುಗಳನ್ನು ಬರೆದು ಬಾಗಿಲಿಗೆ ಸಂಜೆಯ ಹೊಂಬಣ್ಣ ಬಳಿಯಿತು.

“ಆ ಕೆಂಪು ಅಂಗೈ ಗುರುತುಗಳನ್ನು ಮುಟ್ಟಬೇಡಪ್ಪ,” ಎಂದಿತು ಫೋಟೊದೊಳಗಿನ ಗೋಡೆ. “ಪ್ರತಿ ದೀಪಾವಳಿಗೆ ಈ ಮನೆಯ ಹೆಂಗಸರು ಕೆಮ್ಮಣ್ಣಿನಲ್ಲಿ ಒತ್ತಿದವು. ನಾಳೆಯಿಂದ ಅವು ಇರುವುದು ಇಲ್ಲಿ ಮಾತ್ರ.”

“ಹಳೆಯದು ಅಂದವಾಗಿರಬೇಕಜ್ಜಿ, ಕೊಳಕಾಗಿರಬಾರದು,” ಎಂದು ಕುಂಚ ಅವನ್ನು ಒರೆಸಿಹಾಕಿತು.

ಕೊಟ್ಟಿಗೆ ನೆಲಸಮವಾದ ಮೇಲೆ ಚಿತ್ರ ಮನೆಯೊಡತಿ ನೀಲಾಂಬಿಕೆಯ ಕೈಸೇರಿತು. “ಚೆನ್ನಾಗಿದೆ. ನಮ್ಮತ್ತೆಯ ಕೈ ಎಲ್ಲಿ?” ಎಂದು ಅವರು ಕೇಳಿದರು.

“ಅಷ್ಟೇ ತಾನೆ?” ಎಂದ ಕುಂಚ, ಐದು ಬೆರಳಿನ ಅಂದವಾದ ಕೈಯೊಂದನ್ನು ಗೋಡೆಯ ಮೇಲೆ ಬರೆಯಿತು.

ನೀಲಾಂಬಿಕೆ ಚಿತ್ರವನ್ನು ಹಿಂದಿರುಗಿಸಿದರು. “ನಮ್ಮತ್ತೆಗೆ ಬಲಗೈಯಲ್ಲಿ ನಾಲ್ಕೇ ಬೆರಳು,” ಎಂದರು.